ತೆರೆದ ಬಾಗಿಲಿನ ಲೆಕ್ಕ

ನಾಶಿಕ್ ಜಿಲ್ಲೆಯ ನಿಫಾಡ್, ದಿಂಡೋರಿ ಕಡೆ ಮಾರ್ಚ್ ಎಂದರೆ ದ್ರಾಕ್ಷಿ ಕೊಯ್ಲಿನ ಭರಾಟೆ. ರಫ್ತಿನ ಗೊಂಚಲುಗಳನ್ನು ಕೊಯ್ದ ಕೆಲವೇ ಗಂಟೆಗಳಲ್ಲಿ ತಣಿಸಿ, ಸೊನ್ನೆ ಡಿಗ್ರಿ ಆಸುಪಾಸಿನ ಕೋಲ್ಡ್ ಸ್ಟೋರೇಜ್‌ನಲ್ಲಿಡುತ್ತಾರೆ. ಅದರ ಗೋಡೆಯೊಳಗೆ ದಪ್ಪ ಫೋಮ್ ಇರುತ್ತದೆ. ಆದರೆ ಕ್ರೇಟು ಸಾಗಿಸಲು ಬಾಗಿಲು ತೆರೆದಿಟ್ಟಷ್ಟು ಹೊತ್ತು ಗೋಡೆಯ ಶ್ರಮ ನೀರುಪಾಲು.

ತಣ್ಣನೆಯ ಗಾಳಿ ಭಾರ. ಅದು ಹೊಸ್ತಿಲ ಮೇಲಿಂದ ಹೊರಗೆ ಹರಿಯುತ್ತದೆ. ಬಾಗಿಲಿನ ಮೇಲರ್ಧದಿಂದ ಬಿಸಿಗಾಳಿ ಒಳನುಗ್ಗುತ್ತದೆ. ಎಸಿ ಕೋಣೆಯ ಬಾಗಿಲು ತೆರೆದು, ಊದುಬತ್ತಿಯನ್ನು ಒಮ್ಮೆ ಕೆಳಗೆ, ಒಮ್ಮೆ ಮೇಲೆ ಹಿಡಿದರೆ ಹೊಗೆಯೇ ಇದನ್ನು ತೋರಿಸುತ್ತದೆ. ಕೆನಡಾದ ಸಂಶೋಧಕರಾದ ಬ್ರೌನ್ ಮತ್ತು ಸಾಲ್ವಸನ್ 1962ರಲ್ಲಿ ಈ ಎರಡು ದಿಕ್ಕಿನ ಹರಿವನ್ನು ಅಳೆದು ಸೂತ್ರಕ್ಕಿಳಿಸಿದರು.

ಒಂದು ಮೀಟರ್ ಅಗಲ, ಎರಡು ಮೀಟರ್ ಎತ್ತರದ ಬಾಗಿಲು. ಒಳಗೂ ಹೊರಗೂ ಹತ್ತು ಡಿಗ್ರಿ ಅಂತರ. ಅಂಥ ಸೂತ್ರದ ಪ್ರಕಾರ ಸುಮಾರು 3.8 ಕಿಲೋವ್ಯಾಟ್ ಶಾಖ ಒಳಬರುತ್ತದೆ, ಅಂದರೆ ಒಂದು ಟನ್ ಎಸಿ ಹೊರಹಾಕುವುದಕ್ಕಿಂತ ಹೆಚ್ಚು. ತಾಪಮಾನದ ಅಂತರ ನಾಲ್ಕು ಪಟ್ಟಾದರೆ ಗಾಳಿ ಎರಡು ಪಟ್ಟು, ಶಾಖ ಎಂಟು ಪಟ್ಟು! ಎರಡು ಮೀಟರ್ ಅಗಲ, ಎರಡೂವರೆ ಮೀಟರ್ ಎತ್ತರದ ಕೋಲ್ಡ್ ಸ್ಟೋರೇಜ್ ಬಾಗಿಲಲ್ಲಿ 35 ಡಿಗ್ರಿ ಅಂತರವಿದ್ದರೆ ಅದು 70 ಕಿಲೋವ್ಯಾಟ್ ದಾಟುತ್ತದೆ. ಜೊತೆಗೆ ಬಂದ ತೇವ ತಣಿಸುವ ಯಂತ್ರದ ಕಾಯಿಲ್ ಮೇಲೆ ಮಂಜುಗಡ್ಡೆಯಾಗುತ್ತದೆ. ಬಾಗಿಲಿಗೆ ಪ್ಲಾಸ್ಟಿಕ್ ಪಟ್ಟಿಗಳ ಪರದೆ ಇಳಿಬಿಡುವುದು ಇದಕ್ಕೇ.

ಕಟ್ಟಡದ ವಿದ್ಯುತ್ ಖರ್ಚನ್ನು ಮೊದಲೇ ಅಂದಾಜಿಸುವ ಎನರ್ಜಿಪ್ಲಸ್‌ನಂಥ ತಂತ್ರಾಂಶ ಸಾಮಾನ್ಯವಾಗಿ ಇಡೀ ಕೋಣೆಯ ಗಾಳಿಗೆ ಒಂದೇ ತಾಪಮಾನ ಕೊಡುತ್ತದೆ. ಬಾಗಿಲು ತೆರೆದಿದೆ, ಗಾಳಿ ಹೀಗೆ ಹರಿಯುತ್ತದೆ ಎಂದು ನಾವು ಹೇಳದಿದ್ದರೆ ಅದರ ಪಾಲಿಗೆ ಅಲ್ಲಿ ಗಾಳಿಯಾಡುವುದೇ ಇಲ್ಲ. ಗೋಡೆಯ ದಪ್ಪವನ್ನು ಮಿಲಿಮೀಟರ್ ಲೆಕ್ಕದಲ್ಲಿ ತುಂಬಿ ಬಾಗಿಲನ್ನು ಮರೆತ ಅಂದಾಜನ್ನು ನಾನಂತೂ ನಂಬುವುದಿಲ್ಲ.

ಛತ್ರಪತಿ ಸಂಭಾಜಿನಗರದ ಮನೆಗಳಲ್ಲಿ ಲೆಕ್ಕ ತಿರುವುಮುರುವು. ಮೇ ತಿಂಗಳ ಒಣ ಬಿಸಿಲಿಗೆ ಅಲ್ಲಿ ಏರ್ ಕೂಲರ್ ಆಸರೆ. ಅದರ ಫ್ಯಾನ್ ಹೊರಗಿನ ಗಾಳಿಯನ್ನು ಒದ್ದೆ ಪ್ಯಾಡ್ ಮೂಲಕ ಒಳತಳ್ಳುತ್ತದೆ. ಆ ಒತ್ತಡ ಸಾಕಷ್ಟಿದ್ದರೆ ಬಾಗಿಲಿನಲ್ಲಿ ಮೇಲೆ ಕೆಳಗೆ ಎನ್ನದೆ ಗಾಳಿ ಹೊರಗೇ ಹೋಗುತ್ತದೆ. 1962ರ ಸೂತ್ರ ಇಲ್ಲಿ ನಡೆಯದು. ಎಲ್ಲವನ್ನೂ ಮುಚ್ಚಿದರೆ ಕೋಣೆಯಲ್ಲಿ ತೇವ ಕಟ್ಟಿಕೊಂಡು, ಬೆವರು ಆರದೆ ಸೆಕೆ ಹೆಚ್ಚುತ್ತದೆ. ಹಾಗಾಗಿ ತಂತ್ರಾಂಶಕ್ಕೆ ಬಾಗಿಲಿನ ಅಳತೆಯ ಜೊತೆ ಅದು ಎಷ್ಟು ಹೊತ್ತು ತೆರೆದಿರುತ್ತದೆ, ಆಗ ಫ್ಯಾನ್ ತಿರುಗುತ್ತಿರುತ್ತದೆಯೇ ಎಂಬುದನ್ನೂ ಗಂಟೆವಾರು ತುಂಬಬೇಕು. ಅದನ್ನು ಹೇಳಬಲ್ಲವರು ಆ ಮನೆಯವರೇ.