ಅಂಕೋಲೆಯ ಮುಂದಿರೋದು ಯಾವ ಸಮುದ್ರ?

ಅರಬ್ಬೀ ಸಮುದ್ರ ಅಂತೀರಾ? ಪರೀಕ್ಷೆಯಲ್ಲಿ ಮಾರ್ಕ್ಸ್ ಸಿಗುತ್ತೆ. ಆದರೆ ನಾವಿಕರ ಪಟ್ಟಿ ಬೇರೆ ಹೇಳುತ್ತೆ.

ಅಂತಾರಾಷ್ಟ್ರೀಯ ಹೈಡ್ರೋಗ್ರಾಫಿಕ್ ಸಂಸ್ಥೆ 1953ರಲ್ಲಿ ಪ್ರಕಟಿಸಿದ ಸಮುದ್ರಗಳ ಗಡಿಪಟ್ಟಿಯಲ್ಲಿ ಲಕ್ಷದ್ವೀಪ ಸಮುದ್ರ ಅಂತ ಒಂದು ಪ್ರತ್ಯೇಕ ಹೆಸರಿದೆ. ಪೂರ್ವಕ್ಕೆ ನಮ್ಮ ಕರಾವಳಿ ಮತ್ತು ಶ್ರೀಲಂಕಾ, ಪಶ್ಚಿಮಕ್ಕೆ ಲಕ್ಷದ್ವೀಪ ಮತ್ತು ಮಾಲ್ಡೀವ್ಸ್‌ನ ದ್ವೀಪಗಳ ಸಾಲು. ಇದರ ಗಡಿರೇಖೆ ಶುರುವಾಗೋದು ಎಲ್ಲಿಂದ ಗೊತ್ತಾ? ಕಾರವಾರದಲ್ಲಿ ಕಾಳಿ ನದಿಯ ಉತ್ತರ ದಡದಲ್ಲಿರುವ ಸದಾಶಿವಗಡದ ದೀಪದಿಂದ! ಅಲ್ಲಿಂದ ಗೆರೆ ನೈಋತ್ಯಕ್ಕೆ, ಲಕ್ಷದ್ವೀಪದ ಕಡೆ ಹೋಗುತ್ತೆ.

ಮ್ಯಾಪ್ ಮೇಲೆ ಸ್ಕೇಲ್ ಇಟ್ಟು ಈ ಗೆರೆ ಎಳೆದು ನೋಡಿ. ಮಾಜಾಳಿ, ಕೂರ್ಮಗಡ, ದೇವಗಡ ಅರಬ್ಬೀ ಸಮುದ್ರದ ಕಡೆ ಉಳಿಯುತ್ತವೆ. ಅಂಜದೀವ್ ದ್ವೀಪ, ಅಂಕೋಲೆಯ ಬೇಲೇಕೇರಿ ಲಕ್ಷದ್ವೀಪ ಸಮುದ್ರಕ್ಕೆ ಸೇರುತ್ತವೆ.

ನೀರಲ್ಲಿ ಗೋಡೆಯೇನೂ ಇಲ್ಲ. ಬಂಗಡೆ ಮೀನು ಎರಡೂ ಕಡೆ ಓಡಾಡುತ್ತೆ, ಬಲೆ ಹಾಕುವವರೂ ಅಷ್ಟೇ. ಈ ಗೆರೆ ಇರೋದು ಹೆಸರಿಗೆ ಮಾತ್ರ, ಅದರಿಂದ ಯಾರಿಗೂ ಹಕ್ಕು ಬರಲ್ಲ, ಹೋಗಲ್ಲ.

ಹಕ್ಕಿನ ಗೆರೆ ಹೇಗಿರುತ್ತೆ ಅಂತ ತಿಳಿಯೋಕೆ ಅಂಜದೀವ್ ನೋಡಬೇಕು. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ತಂಗಿದ್ದ. ಮುಂದೆ ಪೋರ್ಚುಗೀಸರು ಕೋಟೆ ಕಟ್ಟಿದರು. 1961ರ ಡಿಸೆಂಬರಿನಲ್ಲಿ ನಮ್ಮ ನೌಕಾಪಡೆಯ ಯೋಧರು ಪ್ರಾಣ ಕೊಟ್ಟು ಅದನ್ನು ಬಿಡಿಸಿಕೊಂಡರು. ಪೋರ್ಚುಗೀಸರ ಕೈಲಿದ್ದ ಕಾರಣಕ್ಕೇ ಕಾರವಾರದ ಮಗ್ಗುಲಲ್ಲಿದ್ದರೂ ದ್ವೀಪ ಇವತ್ತಿಗೂ ಗೋವಾಕ್ಕೆ ಸೇರಿದೆ. ಈಗ ಅದು ನೌಕಾನೆಲೆಯ ಭಾಗ, ದಡದಲ್ಲಿ ನಿಂತ ನಾವು ಸುಮ್ಮನೆ ಹೋಗಿಬರೋ ಹಾಗಿಲ್ಲ.