ಜನ ಗೂಗಲ್‌ನಲ್ಲಿ ಜಿಂಕ್ ಹುಡುಕ್ತಾರೆ, ಹಾಗಂತ ನುಗ್ಗೆ ಹಾಕ್ಬೇಕಾ?

ನುಗ್ಗೆ ಸೊಪ್ಪಿನ ಪುಡಿಗೆ ಬೇಡಿಕೆ ಜಾಸ್ತಿ ಆಗ್ತಿದೆ, ಎರಡು ಎಕರೆ ಹಾಕ್ಲಾ ಅಂತ ಕೇಳುವವರು ಈಗ ಜೊತೆಗೆ ಗೂಗಲ್ ಟ್ರೆಂಡ್ಸ್‌ನ ಸ್ಕ್ರೀನ್‌ಶಾಟ್ ಕೂಡ ಕಳಿಸ್ತಾರೆ. ಗೆರೆ ಮೇಲಕ್ಕೇರಿದೆ, ತುದಿಯಲ್ಲಿ 100 ಅಂತಿದೆ. ಸಾಲ ಮಾಡಿ ಸಸಿ ತರೋಕೆ ಮುಂಚೆ ಆ 100 ಏನು ಅಂತ ನೋಡೋಣ.

ಅದು ಜನರ ಸಂಖ್ಯೆ ಅಲ್ಲ. ನೀವು ಆರಿಸಿದ ಜಾಗ ಮತ್ತು ಅವಧಿಯಲ್ಲಿ, ಒಟ್ಟು ಹುಡುಕಾಟದಲ್ಲಿ ಆ ಪದದ ಪಾಲು ಅತಿ ಹೆಚ್ಚು ಇದ್ದ ವಾರಕ್ಕೆ 100. ಉಳಿದ ವಾರಗಳನ್ನ ಅದಕ್ಕೆ ಹೋಲಿಸಿ ಅಳೀತಾರೆ. ಅಂದ್ರೆ ಕಡಿಮೆ ಜನ ಹುಡುಕುವ ಪದಕ್ಕೂ ಒಂದು 100 ಇದ್ದೇ ಇರುತ್ತೆ! ನಿಜವಾದ ಅಂದಾಜು ಬೇಕಿದ್ರೆ ಅದೇ ಗ್ರಾಫ್‌ಗೆ ನಿಮ್ಮ ಸಂತೆಯಲ್ಲಿ ದಿನಾ ಮಾರಾಟವಾಗುವ ಟೊಮೆಟೊ ಸೇರಿಸಿ. ನುಗ್ಗೆಯ ಗೆರೆ ನೆಲಕ್ಕೆ ಅಂಟಿಕೊಂಡ್ರೆ ಅರ್ಥ ಆಯ್ತಲ್ವಾ.

ಪೋಷಕಾಂಶಗಳ ಹೆಸರು ಹಾಕುವಾಗ ಇನ್ನೊಂದು ತೊಡಕು. ಇಂಗ್ಲಿಷ್‌ನಲ್ಲಿ ಐರನ್ ಅಂತ ಹಾಕಿದ್ರೆ ಕಬ್ಬಿಣಾಂಶದ ಜೊತೆ ಇಸ್ತ್ರಿ ಪೆಟ್ಟಿಗೆ, ಐರನ್ ಮ್ಯಾನ್ ಸಿನಿಮಾ ಎಲ್ಲ ಸೇರುತ್ತೆ. ಜಿಂಕ್ ಅಂದ್ರೆ ಹಿಂದೂಸ್ತಾನ್ ಜಿಂಕ್ ಷೇರು ಬೆಲೆ ನೋಡುವವರೂ ಇರ್ತಾರೆ. ಅದಕ್ಕೇ ಬರೀ ಪದ ಬಿಟ್ಟು, ಕೆಳಗೆ ಬರುವ ‘ವಿಷಯ’ ಆರಿಸಿ. ಕನ್ನಡದಲ್ಲಿ ಬರೆದು, ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಪದ ಬರೆದು ಕೂಡ ನೋಡಿ.

ಹಾಗಂತ ಇದನ್ನ ತಳ್ಳಿಹಾಕೋಕಾಗಲ್ಲ. ಜನರ ಗಮನ ಯಾವಾಗ ಏಳುತ್ತೆ ಅನ್ನೋದು ಇಲ್ಲಿ ಚೆನ್ನಾಗಿ ಕಾಣುತ್ತೆ. 2020ರಲ್ಲಿ ಕೊರೊನಾ ಬಂದಾಗ ಜಿಂಕ್, ವಿಟಮಿನ್ ಸಿ, ವಿಟಮಿನ್ ಡಿ ಹುಡುಕಾಟ ಹಲವು ದೇಶಗಳಲ್ಲಿ ಒಮ್ಮೆಲೇ ಏರಿತು. ಸಂಶೋಧಕರು ಇದೇ ಅಂಕಿ ಇಟ್ಕೊಂಡು ಅಧ್ಯಯನ ಮಾಡಿದ್ರು. ಆದ್ರೆ ಗಮನವೇ ಬೇರೆ, ಖರೀದಿಯೇ ಬೇರೆ. ಮಾತ್ರೆಗಾಗಿ ಹುಡುಕಿದವರೆಷ್ಟು, ಸೊಪ್ಪು-ಕಾಳಿಗಾಗಿ ಹುಡುಕಿದವರೆಷ್ಟು ಅಂತ ಆ ಗೆರೆ ಹೇಳಲ್ಲ. ಗೂಗಲ್‌ನವರೇ 2008ರಲ್ಲಿ ಹುಡುಕಾಟ ನೋಡಿ ಫ್ಲೂ ಜ್ವರ ಅಂದಾಜಿಸುವ ಸೇವೆ ಶುರುಮಾಡಿದ್ರು. 2012-13ರ ಚಳಿಗಾಲದಲ್ಲಿ ಅಮೆರಿಕದ ಲೆಕ್ಕ ವಿಪರೀತ ಹೆಚ್ಚಾಗಿ ಬಂತು, 2015ರಲ್ಲಿ ನಿಲ್ಲಿಸಿದ್ರು.

ನಾನು ನೋಡೋದು ಹೀಗೆ: ಕರ್ನಾಟಕ, ಕಳೆದ 5 ವರ್ಷ. ಒಂದೇ ವಾರ ಜಿಗಿದು ಬಿದ್ದ ಗೆರೆಯನ್ನ ಬಿಟ್ಟುಬಿಡ್ತೀನಿ, ಅದು ಯಾವುದೋ ಸುದ್ದಿಯದ್ದೋ ವೈರಲ್ ವಿಡಿಯೊದ್ದೋ ಆಟ ಇರಬಹುದು. ನಿಧಾನವಾಗಿ, ವರ್ಷದಿಂದ ವರ್ಷಕ್ಕೆ ಏರಿದ್ರೆ ಮಾತ್ರ ಕೆಳಗಿನ ‘ಸಂಬಂಧಿತ ಪ್ರಶ್ನೆ’ ತೆರೀತೀನಿ. ಅಲ್ಲಿ ‘ಉಪಯೋಗ’ ಅಂತಿದ್ರೆ ಅದು ಕುತೂಹಲ. ‘ಬೆಲೆ’, ‘ಎಲ್ಲಿ ಸಿಗುತ್ತೆ’ ಅಂತಿದ್ರೆ ಕೊಳ್ಳುವವರ ವಾಸನೆ ಬಂತು.

ಇನ್ನು ಜಿಂಕ್ ಸಲ್ಫೇಟ್, ಬೋರಾನ್ ಟ್ರೆಂಡಿಂಗ್ ಅಂತ ಹೊಲಕ್ಕೆ ಸುರಿಯೋದು ಬೇಡ. 2009ರಲ್ಲಿ ಶುರುವಾದ ಭೂಚೇತನ ಯೋಜನೆಯ ಮಣ್ಣು ಪರೀಕ್ಷೆಗಳಲ್ಲಿ ನಮ್ಮ ರಾಜ್ಯದ ಬಹಳಷ್ಟು ಮಳೆಯಾಶ್ರಿತ ಜಮೀನಿನಲ್ಲಿ ಜಿಂಕ್, ಬೋರಾನ್, ಗಂಧಕದ ಕೊರತೆ ಕಂಡಿದ್ದು ನಿಜ. ಆದ್ರೆ ನಿಮ್ಮ ಹೊಲದ ಉತ್ತರ ನಿಮ್ಮ ಮಣ್ಣಿನ ರಿಪೋರ್ಟ್‌ನಲ್ಲೇ ಇರೋದು. ಬೋರಾನ್ ಅಂತೂ ಸ್ವಲ್ಪ ಹೆಚ್ಚಾದ್ರೂ ಬೆಳೆಗೆ ವಿಷ.

ನುಗ್ಗೆ ವಿಷಯಕ್ಕೆ ಬಂದ್ರೆ, ಈ ಸಲ ಬದುವಿನ ಮೇಲೆ ಒಂದು ಸಾಲು ಹಾಕಿ. ಸೊಪ್ಪು ನೆರಳಲ್ಲಿ ಒಣಗಿಸಿ, ಎರಡು-ಮೂರು ಖರೀದಿದಾರರಿಗೆ ಸ್ಯಾಂಪಲ್ ಕೊಡಿ. ತೇವಾಂಶ ಎಷ್ಟಿರಬೇಕು, ತಿಂಗಳಿಗೆ ಎಷ್ಟು ಕೆಜಿ ಬೇಕು, ದುಡ್ಡು ಎಷ್ಟು ದಿನಕ್ಕೆ ಕೊಡ್ತಾರೆ, ಇಷ್ಟನ್ನ ಬರೆಸಿಕೊಳ್ಳಿ. ಆಮೇಲೆ ಎರಡು ಎಕರೆ ಮಾತು.