ತಾನೇ ನಿಲ್ಲುವ ಗರಗಸ: ಕಲ್ಲು ಕೊಯ್ಯುವವರ ಕ್ಷೇಮಕ್ಕೊಂದು ಸ್ವಿಚ್ಚು

ಸಹ್ಯಾದ್ರಿಯ ಕರಿಗಲ್ಲು ನೋಟಕ್ಕೆ ಸಾಧಾರಣವಾದುದು. ಆದರೆ ಅದರ ಪೊಳ್ಳುಗಳಲ್ಲಿ ಸ್ಫಟಿಕ, ಅಗೇಟ್, ಜಿಯೊಲೈಟ್ ಮೊದಲಾದ ಹರಳುಗಳು ಅಡಗಿರುತ್ತವೆ. 1863ರಲ್ಲಿ ಸಂಚಾರಕ್ಕೆ ತೆರೆದ ಭೋರ್ ಘಾಟ್ ರೈಲುಮಾರ್ಗಕ್ಕಾಗಿ ಬಂಡೆ ಕಡಿದಾಗ ಇಂತಹ ಹರಳುಗಳು ಹೇರಳವಾಗಿ ದೊರೆತವು. ಥಾಣೆ, ಕಲ್ಯಾಣ, ಡೊಂಬಿವಲಿ, ನವಿಮುಂಬಯಿಗಳೂ ಇದೇ ಬಸಾಲ್ಟ್ ಶಿಲೆಯ ಸೀಮೆಗೆ ಸೇರಿದವು. ಇಲ್ಲಿ ಹರಳುಗಲ್ಲನ್ನು ಕೊಯ್ದು ಮೆರುಗು ಕೊಡುವ ಹವ್ಯಾಸ ಕೈಗೊಳ್ಳುವವರು ಅಂದದ ಜೊತೆಗೆ ಅಪಾಯವನ್ನೂ ಅರಿತಿರಬೇಕು.

ಅಗೇಟ್ ಉಕ್ಕಿಗೂ ಸುಲಭವಾಗಿ ಮಣಿಯದ ಕಲ್ಲು. ಅಂಚಿನಲ್ಲಿ ವಜ್ರದ ಪುಡಿ ಕೂರಿಸಿದ ತೆಳುವಾದ ಬಿಲ್ಲೆಯೇ ಅದನ್ನು ಕೊಯ್ಯಬಲ್ಲದು. ಕಲ್ಲನ್ನು ಬಿಗಿಹಿಡಿದ ವೈಸ್, ತೂಕದ ಎಳೆತಕ್ಕೆ ನಿಧಾನವಾಗಿ ಬಿಲ್ಲೆಯತ್ತ ಸರಿಯುತ್ತದೆ. ದೊಡ್ಡ ಕಲ್ಲಾದರೆ ಬಹಳ ಹೊತ್ತು ಹಿಡಿಯುತ್ತದೆ. ಆಗ ಕೆಲಸಗಾರನ ಗಮನ ಬೇರೆಡೆಗೆ ಹೋಗುವುದು ಸಹಜ. ಕೊಯ್ತ ಮುಗಿದರೂ ತಿರುಗುವ ಬಿಲ್ಲೆಯ ಬಳಿ ಕೈಯಿಟ್ಟರೆ ಬೆರಳಿಗೇ ಗಂಡಾಂತರ.

ಇದಕ್ಕೆ ಕೆಲವರು ವೈಸ್ ತಗುಲಿದೊಡನೆ ಆರುವ ಸಾಮಾನ್ಯ ಸ್ವಿಚ್ಚನ್ನು ಜೋಡಿಸುವುದುಂಟು. ಇದು ಅರ್ಧ ರಕ್ಷಣೆ ಮಾತ್ರ. ಕೊಯ್ತದ ನಡುವೆ ವಿದ್ಯುತ್ ಹೋದರೆ ಬಿಲ್ಲೆ ನಿಲ್ಲುತ್ತದೆ. ತೂಕ ಮಾತ್ರ ಕಲ್ಲನ್ನು ಒತ್ತುತ್ತಲೇ ಇರುತ್ತದೆ. ಸಿಕ್ಕಿಕೊಂಡ ಕಲ್ಲನ್ನು ಬಿಡಿಸಲು ಕೈಹಾಕಿದ ಗಳಿಗೆಯಲ್ಲೇ ವಿದ್ಯುತ್ ಮರಳಿದರೆ? ಆದುದರಿಂದ ಯಂತ್ರವು ತಾನೇ ನಿಲ್ಲಬೇಕು. ಎಂದಿಗೂ ತಾನೇ ಹೊರಡಬಾರದು.

ವಸತಿ ಸಂಘಗಳ ನೀರಿನ ಪಂಪಿಗೆ ಹಸಿರು, ಕೆಂಪು ಗುಂಡಿಗಳಿರುವ ಸ್ಟಾರ್ಟರ್ ಇರುವುದನ್ನು ಎಲ್ಲರೂ ಬಲ್ಲರು. ಮೋಟಾರಿಗೆ ತಕ್ಕ ಅಂತಹ ಸ್ಟಾರ್ಟರಿನ ಕಾಯಿಲಿಗೆ ಹೋಗುವ ತಂತಿಯಲ್ಲಿ, ಕೆಂಪು ಗುಂಡಿಯ ಸಾಲಿನಲ್ಲಿಯೇ, ಒಂದು ಲಿಮಿಟ್ ಸ್ವಿಚ್ಚನ್ನು ಸೇರಿಸಬೇಕು. ಸಹಜ ಸ್ಥಿತಿಯಲ್ಲಿ ಅದರ ಸಂಪರ್ಕ ಕೂಡಿರಬೇಕು. ವೈಸ್ ಕೊನೆ ಮುಟ್ಟಿ ಅದರ ಸನ್ನೆಯನ್ನು ಒತ್ತಿದಾಗ ಸಂಪರ್ಕ ಕಡಿದು ಮೋಟಾರಿನ ವಿದ್ಯುತ್ ನಿಲ್ಲುತ್ತದೆ. ವೈಸನ್ನು ಹಿಂದಕ್ಕೆಳೆದರೂ, ಹೋದ ವಿದ್ಯುತ್ ಮರಳಿದರೂ, ಹಸಿರು ಗುಂಡಿ ಒತ್ತದೆ ಮೋಟಾರು ಹೊರಡದು. ಈ ಸ್ವಿಚ್ಚಿನ ತಂತಿ ತುಂಡಾದರೂ ಯಂತ್ರ ನಿಲ್ಲುವುದೇ ಈ ಜೋಡಣೆಯ ಗುಣ.

ಕಲ್ಲು ಪೂರ್ಣವಾಗಿ ಕೊಯ್ದ ಬಳಿಕವೇ ಸನ್ನೆ ತಗುಲುವಂತೆ ಹೊಂದಿಸಿ, ಮೊದಲು ಕಲ್ಲಿಲ್ಲದೆ ಪರೀಕ್ಷಿಸಬೇಕು. ವೈಸ್ ಬಿಲ್ಲೆಗೆ ತಾಗದಂತೆ ಗಟ್ಟಿ ತಡೆಯೊಂದಿರಲಿ. ಸ್ವಿಚ್ಚಿಗೆ ನೀರು, ಎಣ್ಣೆ ಸಿಡಿಯಬಾರದು. ಅರ್ಥಿಂಗ್ ಹಾಗೂ ಸೋರಿಕೆ ವಿದ್ಯುತ್ತನ್ನು ಕಡಿಯುವ ಬ್ರೇಕರ್ ಅವಶ್ಯ. ತಂತಿಯ ಕೆಲಸ ಪರವಾನಗಿಯುಳ್ಳ ಎಲೆಕ್ಟ್ರಿಷಿಯನ್ನನದು. ವಿದ್ಯುತ್ ನಿಂತ ಮೇಲೂ ಬಿಲ್ಲೆ ಕೆಲಹೊತ್ತು ತಿರುಗುತ್ತದೆ. ಅದು ಪೂರ್ತಿ ನಿಂತ ಬಳಿಕವೇ ಕೈ ಮುಂದಾಗಲಿ.

ಆದರೆ ಯಾವ ಸ್ವಿಚ್ಚೂ ತಡೆಯಲಾರದ ವೈರಿಯೊಂದಿದೆ; ಅದು ಕಲ್ಲಿನ ಧೂಳು. ಕೋಲಾರದ ಚಿನ್ನದ ಗಣಿ ಕಾರ್ಮಿಕರನ್ನೂ ಗುಜರಾತಿನ ಖಂಭಾತದ ಅಗೇಟ್ ಕುಶಲಕರ್ಮಿಗಳನ್ನೂ ಕಾಡಿದ ಸಿಲಿಕೋಸಿಸ್ ಈ ಧೂಳಿನ ಫಲ. ಕೆಟ್ಟ ಶ್ವಾಸಕೋಶವನ್ನು ಮೊದಲಿನಂತೆ ಮಾಡುವ ಔಷಧವಿಲ್ಲ. 1948ರ ಕಾರ್ಖಾನೆಗಳ ಕಾಯಿದೆ ಇದನ್ನು ವರದಿ ಮಾಡಲೇಬೇಕಾದ ರೋಗಗಳ ಪಟ್ಟಿಯಲ್ಲಿಟ್ಟಿತ್ತು. ಆದುದರಿಂದ ಒಣಗಲ್ಲನ್ನು ಕೊಯ್ಯಲೇಬಾರದು. ಒಣಗಿದ ಕೆಸರನ್ನು ಪೊರಕೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಬೇಕು. ಫ್ಲ್ಯಾಟಿನ ಬಾಲ್ಕನಿ ಈ ಕೆಲಸಕ್ಕೆ ತಕ್ಕ ಸ್ಥಳವಲ್ಲ. ಆ ಧೂಳನ್ನು ಮನೆಯ ಮಕ್ಕಳೂ ಉಸಿರಾಡುತ್ತಾರೆ.

ಸ್ಟಾರ್ಟರ್ ಮತ್ತು ಸ್ವಿಚ್ಚಿಗೆ ತಗಲುವ ವೆಚ್ಚವನ್ನು ಒಂದು ಬೆರಳಿನ ಬೆಲೆಯೊಡನೆ ತೂಗಿ ನೋಡಿದರೆ ಲೆಕ್ಕ ತಾನಾಗಿ ಸ್ಪಷ್ಟವಾಗುತ್ತದೆ. ಹೊಳೆಯುವ ಹರಳು ಇನ್ನೊಂದು ಸಿಕ್ಕೀತು. ಕೈ, ಕಣ್ಣು, ಉಸಿರುಗಳಿಗೆ ಬದಲಿಯಿಲ್ಲ.